ನಾಲ್ಕು ಗೋಲಿನ ಲೆಕ್ಕ

2023ರ ಡಿಸೆಂಬರ್ 8. ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಐಎಸ್‌ಎಲ್ ಪಂದ್ಯದಲ್ಲಿ ಮುಂಬೈ ಸಿಟಿ ತಂಡ ನಮ್ಮ ಬೆಂಗಳೂರು ಎಫ್‌ಸಿಗೆ ನಾಲ್ಕು ಗೋಲು ಹೊಡೀತು. ನಮ್ಮವರದ್ದು ಸೊನ್ನೆ. ಮರುದಿನವೇ ಕೋಚ್ ಸೈಮನ್ ಗ್ರೇಸನ್ ಅವರಿಗೆ ಕ್ಲಬ್ಬಿನಿಂದ ವಿದಾಯ.

2024ರ ಏಪ್ರಿಲ್ 11. ಅದೇ ಕಂಠೀರವ. ಈ ಸಲ ಎದುರಾಳಿ ಮೋಹನ್ ಬಾಗಾನ್. ಮತ್ತೆ ನಾಲ್ಕು-ಸೊನ್ನೆ! ಅಷ್ಟೊತ್ತಿಗೆ ಗ್ರೇಸನ್ ಜಾಗಕ್ಕೆ ಸ್ಪೇನಿನ ಜೆರಾರ್ಡ್ ಝರಗೋಝಾ ಬಂದಿದ್ದರು. ಅವರ ಕೆಲಸ ಹೋಗಲಿಲ್ಲ. ಅದೇ ಮನುಷ್ಯ ಮುಂದಿನ ಸೀಸನ್ ಶುರು ಮಾಡಿದಾಗ ತಂಡ ಮೊದಲ ಐದು ಪಂದ್ಯಗಳಲ್ಲಿ ಒಂದೇ ಒಂದು ಗೋಲೂ ಬಿಟ್ಟುಕೊಡಲಿಲ್ಲ.

ಒಂದೇ ಮೈದಾನ, ಒಂದೇ ಸ್ಕೋರು. ಒಬ್ಬರಿಗೆ ಬಾಗಿಲು, ಇನ್ನೊಬ್ಬರಿಗೆ ಇನ್ನೊಂದು ಅವಕಾಶ. ಇದು ಅನ್ಯಾಯ ಅಂತ ಹೇಳೋಕೆ ನಾನು ಬರೀತಾ ಇಲ್ಲ. ಎರಡೂ ಸಂದರ್ಭ ಬೇರೆ ಬೇರೆ ಇದ್ದವು. ಗ್ರೇಸನ್ ತಂಡ ಆ ಸೀಸನ್ನಿನ ಒಂಬತ್ತು ಪಂದ್ಯಗಳಲ್ಲಿ ಗೆದ್ದಿದ್ದು ಒಂದೇ ಒಂದು. ಝರಗೋಝಾ ಬಂದು ಬರೀ ನಾಲ್ಕು ತಿಂಗಳಾಗಿತ್ತು, ಪ್ಲೇಆಫ್ ಆಸೆ ಮುಗಿದಿತ್ತು, ಅದು ಸೀಸನ್ನಿನ ಕೊನೇ ಪಂದ್ಯ. ಆದರೂ ಪ್ರಶ್ನೆ ಒಂದು ಉಳಿಯುತ್ತೆ. ಡಿಫೆನ್ಸ್ ಸೋರಿದಾಗ ಅದರಲ್ಲಿ ಕೋಚ್ ಪಾಲು ಎಷ್ಟು?

ಜಮಖಂಡಿಯಲ್ಲಿ ಫುಟ್ಬಾಲ್ ಬಗ್ಗೆ ಮಾತಾಡೋರು ಕಮ್ಮಿ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ. ನಮ್ಮ ಕಡೆ ಏನಿದ್ರೂ ಕುಸ್ತಿ, ಕಬಡ್ಡಿ, ಸೈಕಲ್ಲು, ಕ್ರಿಕೆಟ್ಟು. ಆದರೆ ಮೊಬೈಲು ಬಂದಮೇಲೆ ಐನೂರು ಕಿಲೋಮೀಟರ್ ದೂರದ ಕಂಠೀರವವೂ ಕೈಯಲ್ಲೇ ಇರುತ್ತೆ. ಚಾದಂಗಡಿಯಲ್ಲಿ ನಾಲ್ಕೈದು ಜನ ನೋಡೋರು ಸಿಕ್ಕೇ ಸಿಗ್ತಾರೆ. ಆ ಮುಂಬೈ ಪಂದ್ಯ ಆದಮೇಲೆ ಅಲ್ಲಿ ಎರಡು ಪಾರ್ಟಿ ಆಯ್ತು. ಒಂದು ಪಾರ್ಟಿಯವರು, "ಏ ದೋಸ್ತಾ, ಕೋಚ್ ಏನ್ ಗ್ರೌಂಡಿಗಿಳದು ಆಡತಾನೇನಪಾ? ಹಿಂದ ನಿಂತ ಹುಡುಗೂರು ನಿದ್ದಿ ಹೊಡದ್ರ ಅಂವಾ ಏನ್ ಮಾಡ್ಬೇಕು?" ಅಂದರು. ಇನ್ನೊಂದು ಪಾರ್ಟಿಯವರು, "ಹಿಪ್ಪರಗಿ ಬ್ಯಾರೇಜಿನ ಗೇಟ್ ತಗದಂಗ ಗೋಲ್ ಬೀಳಾಕತ್ತಾವ, ಗೇಟಿನ ಚಾವಿ ಯಾರ ಕೈಯಾಗ ಐತಿ? ಅವನನ್ನ ಕೇಳ್ರಿ" ಅಂದರು. ನಗು ಬಂತು. ಆದರೆ ಯೋಚನೆ ಮಾಡಿದರೆ ಇಬ್ಬರ ಮಾತಲ್ಲೂ ಅರ್ಧ ಸತ್ಯ ಇದೆ. ಉಳಿದರ್ಧ ಎಲ್ಲಿದೆ ಅಂತ ಹುಡುಕೋದೇ ಈ ಬರಹ.

ಮೊದಲು ಕೋಚ್ ಪಾಲು.

ಫುಟ್ಬಾಲ್ ಗೊತ್ತಿಲ್ಲದವರಿಗೆ ಡಿಫೆನ್ಸ್ ಅಂದರೇನು ಅಂತ ಹೇಳಬೇಕಾದರೆ ನಾನು ಕಬಡ್ಡಿಯ ಸರಪಳಿ ತೋರಿಸ್ತೀನಿ. ಕೈ ಕೈ ಹಿಡಿದು ನಿಂತಿರೋ ಹುಡುಗರಲ್ಲಿ ಒಬ್ಬ ಅವಸರ ಮಾಡಿ ಅರ್ಧ ಹೆಜ್ಜೆ ಮುಂದೆ ಹಾರಿದ ಅಂದ್ಕೊಳ್ಳಿ. ಸರಪಳಿ ಕಡೀತು. ರೈಡರ್ ಮುಟ್ಟಿ ಹೋದ. ಹೊರಗಿನಿಂದ ನೋಡೋರಿಗೆ ತಪ್ಪು ಮಾಡಿದವನು ಕಾರ್ನರ್‌ನಲ್ಲಿ ಉಳಿದ ಹುಡುಗ ಅನ್ಸುತ್ತೆ, ಯಾಕಂದರೆ ರೈಡರ್ ಮುಟ್ಟಿದ್ದು ಅವನನ್ನ. ನಿಜವಾಗಿ ತಪ್ಪಿದ್ದು ಅವನ ಪಕ್ಕದವನ ಹೆಜ್ಜೆ. ಫುಟ್ಬಾಲಿನಲ್ಲೂ ಹಿಂದೆ ನಿಲ್ಲೋ ನಾಲ್ವರದ್ದು ಇಂಥದೇ ಸರಪಳಿ, ಕೈ ಮಾತ್ರ ಹಿಡಿದಿರಲ್ಲ. ಮೂವರು ಮುಂದೆ ಬಂದು ಒಬ್ಬ ಹಿಂದೆ ಉಳಿದರೆ ಆಫ್‌ಸೈಡ್ ಗೆರೆ ಮುರೀತು. ಎದುರಾಳಿ ನುಗ್ಗಿದ, ಗೋಲು. ಟಿವಿಯಲ್ಲಿ ಕಾಣೋದು ಕೊನೆಗೆ ಓಡಿ ಸೋತವನ ಮುಖ ಮಾತ್ರ.

ಈ ಹೆಜ್ಜೆಗೆ ಹೆಜ್ಜೆ ಕೂಡಿಸೋದು ಪಂದ್ಯದ ದಿನ ಆಗೋ ಕೆಲಸ ಅಲ್ಲ. ವಾರವಿಡೀ ಪ್ರಾಕ್ಟೀಸಿನಲ್ಲಿ ಆಗಬೇಕು. ಅದನ್ನ ಮಾಡಿಸೋನು ಕೋಚ್.

ಇದಕ್ಕೆ ಇಟಲಿಯ ಅರಿಗೋ ಸಾಕಿಗಿಂತ ಒಳ್ಳೇ ಸಾಕ್ಷಿ ಬೇಡ. 1987ರಲ್ಲಿ ಎಸಿ ಮಿಲಾನ್‌ಗೆ ಕೋಚಾಗಿ ಬಂದ ಈ ಮನುಷ್ಯ ದೊಡ್ಡ ಆಟಗಾರನೇ ಅಲ್ಲ, ಮೊದಲು ಬೂಟು-ಚಪ್ಪಲಿ ವ್ಯಾಪಾರ ಮಾಡ್ತಿದ್ದವರು. ಅವರು ತಮ್ಮ ಸ್ಟಾರ್ ಆಟಗಾರರಿಗೆ ಒಂದು ಸವಾಲು ಹಾಕ್ತಿದ್ದರಂತೆ. ಒಂದು ಕಡೆ ಗೋಲ್‌ಕೀಪರ್ ಗಾಲಿ, ಜೊತೆಗೆ ಬರೇಸಿ, ಮಾಲ್ದಿನಿ, ಕೊಸ್ತಾಕುರ್ತ, ತಸ್ಸೋತ್ತಿ. ಒಟ್ಟು ಐದೇ ಜನ. ಇನ್ನೊಂದು ಕಡೆ ಗುಲ್ಲಿಟ್, ವ್ಯಾನ್ ಬಾಸ್ಟನ್ ಸೇರಿ ಹತ್ತು ಜನ. ಹದಿನೈದು ನಿಮಿಷದಲ್ಲಿ ಒಂದು ಗೋಲು ಹೊಡೀರಿ ನೋಡೋಣ ಅಂತ. ಯಾವತ್ತೂ ಹೊಡೆಯೋಕೆ ಆಗಲಿಲ್ಲ ಅಂತ ಸಾಕಿ ಆಮೇಲೆ ನೆನಪಿಸಿಕೊಂಡಿದ್ದಾರೆ. ಅವರ ಮೊದಲ ಸೀಸನ್ನಿನ ಲೀಗಿನಲ್ಲಿ ಮಿಲಾನ್ 30 ಪಂದ್ಯಗಳಲ್ಲಿ ಬಿಟ್ಟುಕೊಟ್ಟ ಗೋಲು 14. ಲೀಗೂ ಗೆದ್ದರು. "ಕೋಚ್ ಗ್ರೌಂಡಿಗಿಳದು ಆಡತಾನೇನು" ಅನ್ನೋ ನಮ್ಮ ಚಾದಂಗಡಿ ದೋಸ್ತನಿಗೆ ಇದೇ ಉತ್ತರ. ಇಳಿಯಲ್ಲ. ಆದರೆ ಹುಡುಗರು ಎಲ್ಲಿ ನಿಲ್ಲಬೇಕು ಅನ್ನೋದು ಅವನು ತಿದ್ದಿ ಕಳಿಸಿದ ಪಾಠ.

ನಮ್ಮ ಗರಡಿ ಮನೆಗಳಲ್ಲೂ ಇದೇ ನ್ಯಾಯ ಅಲ್ವಾ? ಪೈಲ್ವಾನ ಚಿತ್ ಆದರೆ ಸುತ್ತ ಕೂತವರು ಮೊದಲು ಕೇಳೋದು "ಯಾವ ವಸ್ತಾದರ ಹುಡುಗ?" ಅಂತ. ವಸ್ತಾದರು ಅಖಾಡದ ಹೊರಗೇ ನಿಂತಿರ್ತಾರೆ. ಆದರೂ ಹೆಸರು ಬರೋದು ಅವರದ್ದು. ಗೆದ್ದಾಗ ರುಮಾಲು ಸುತ್ತಿಸ್ಕೊಳ್ಳೋರು ಸೋತಾಗಲೂ ಮಾತು ಕೇಳಬೇಕು. ಅದರಲ್ಲಿ ತಪ್ಪಿಲ್ಲ.

ಇದಕ್ಕೊಂದು ಚೆಂದದ ಉದಾಹರಣೆ 2023ರ ಮಾರ್ಚ್ 3ರ ಪಂದ್ಯ. ಕಂಠೀರವದಲ್ಲಿ ಬೆಂಗಳೂರು-ಕೇರಳ ಬ್ಲಾಸ್ಟರ್ಸ್ ಪ್ಲೇಆಫ್. 90 ನಿಮಿಷ ಮುಗಿದು ಹೆಚ್ಚುವರಿ ಸಮಯದ ಆಟ ನಡೀತಿತ್ತು. 96ನೇ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀಕಿಕ್ ಸಿಕ್ತು. ಕೇರಳದ ಕೀಪರ್ ಇನ್ನೂ ಗೋಡೆ ನಿಲ್ಲಿಸ್ತಾ ಇದ್ದರು. ಸುನಿಲ್ ಛೆಟ್ರಿ ಕಾಯಲೇ ಇಲ್ಲ, ಖಾಲಿ ಗೋಲಿಗೆ ಚೆಂಡು ಎತ್ತಿ ಹಾಕಿದರು. ರೆಫರಿ ಗೋಲು ಕೊಟ್ಟರು. ಸಿಟ್ಟಿಗೆದ್ದ ಕೋಚ್ ಇವಾನ್ ವುಕೊಮಾನೋವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆಸಿಕೊಂಡರು. ಆಮೇಲೆ ಅವರಿಗೆ 10 ಪಂದ್ಯ ನಿಷೇಧ, 5 ಲಕ್ಷ ದಂಡ. ಕ್ಲಬ್ಬಿಗೆ 4 ಕೋಟಿ.

ರೆಫರಿ ಮಾಡಿದ್ದು ಸರಿಯೋ ತಪ್ಪೋ ಅಂತ ಮಲಯಾಳಿ ಗೆಳೆಯರ ಜೊತೆ ಈಗಲೂ ಜಗಳ ಆಡಬಹುದು :-) ನನಗೆ ಕಾಡೋದು ಬೇರೆ. ಆ ಗೋಲು ನೂರಕ್ಕೆ ನೂರು ಡಿಫೆನ್ಸಿನ ಗೋಲು. ಸೀಟಿ ಊದಿದ ಮೇಲೂ ಚೆಂಡಿನ ಮೇಲಿಂದ ಕಣ್ಣು ತೆಗೀಬಾರದು ಅನ್ನೋದು ಚಿಕ್ಕ ಅಭ್ಯಾಸ. ಅಭ್ಯಾಸ ಮಾಡಿಸೋದು ಕೋಚ್ ಕೆಲಸ. ಅವರಿಗೆ ಶಿಕ್ಷೆ ಬಂದಿದ್ದು ಹೊರಗೆ ನಡೆದಿದ್ದಕ್ಕೆ. ಆದರೆ ಅವತ್ತಿನ ದೊಡ್ಡ ಸದ್ದಿನಲ್ಲಿ "ಆ ಹೊತ್ತಿಗೆ ನಮ್ಮ ಹತ್ತು ಜನ ಎಲ್ಲಿ ನೋಡ್ತಿದ್ದರು?" ಅನ್ನೋ ಪ್ರಶ್ನೆ ಕೇಳಿಸದೇ ಹೋಯ್ತು.

ಸರಿ, ಹಾಗಾದರೆ ಬಿದ್ದ ಪ್ರತಿ ಗೋಲೂ ಕೋಚ್ ಖಾತೆಗಾ? ಇಲ್ಲ. ಇಲ್ಲಿಂದ ನಾನು ಎರಡನೇ ಪಾರ್ಟಿಯನ್ನ ಬಿಟ್ಟು ಮೊದಲನೇ ಪಾರ್ಟಿ ಕಡೆ ಸರೀತೀನಿ.

2023ರ ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ ಆ ಸೀಸನ್ನಿನ ಮೊದಲ ಪಂದ್ಯ. ಬೆಂಗಳೂರು 1-2ರಿಂದ ಸೋತಿತು. ಕೇರಳದ ಮೊದಲ ಗೋಲು ನಮ್ಮವರೇ ಹೊಡೆದುಕೊಂಡ ಗೋಲು. ಎರಡನೆಯದು ಗುರ್‌ಪ್ರೀತ್ ಸಿಂಗ್ ಸಂಧು ಕಾಲಲ್ಲಿ ಚೆಂಡು ಇಟ್ಟುಕೊಂಡು ತಡ ಮಾಡಿದಾಗ ಆಡ್ರಿಯನ್ ಲೂನಾ ಓಡಿ ಬಂದು ಕಸಿದುಕೊಂಡು ಹೊಡೆದದ್ದು. ಈಗ ಹೇಳಿ, ಇದರಲ್ಲಿ ಕೋಚ್ ಏನು ಮಾಡೋಕಾಗ್ತಿತ್ತು? ಇದೇ ಗುರ್‌ಪ್ರೀತ್ 2019-20ರಲ್ಲಿ 11 ಪಂದ್ಯಗಳಲ್ಲಿ ಗೋಲು ಬಿಡದೆ ಚಿನ್ನದ ಕೈಗವಸು ಗೆದ್ದವರು. ಕಾಲು ಜಾರಿದ ಒಂದು ಕ್ಷಣಕ್ಕೆ ಯಾವ ವಸ್ತಾದರೂ ಜವಾಬ್ದಾರಿ ಅಲ್ಲ.

ಹಾಗಾಗಿ ನನ್ನ ಲೆಕ್ಕ ಸರಳ. ಒಂದು ಸಲ ಆಗಿದ್ದು ಆಟಗಾರನದ್ದು. ಮತ್ತೆ ಮತ್ತೆ ಅದೇ ಥರ ಆಗಿದ್ದು ಕೋಚ್‌ದು. ಕಾರ್ನರ್‌ನಿಂದ ಒಂದು ಗೋಲು ಬಿದ್ದರೆ ಯಾರೋ ಒಬ್ಬ ತನ್ನ ಆಳನ್ನ ಬಿಟ್ಟ ಅಂತ ಅರ್ಥ. ಕಾರ್ನರ್‌ನಿಂದ ತಿಂಗಳಲ್ಲಿ ನಾಲ್ಕು ಬಿದ್ದರೆ ಯಾರು ಯಾರನ್ನ ಹಿಡೀಬೇಕು ಅಂತ ಕಲಿಸಿದ್ದೇ ತಪ್ಪು, ಅಥವಾ ಕಲಿಸೇ ಇಲ್ಲ ಅಂತ ಅರ್ಥ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನ ಬರೀತಿರಲಿಲ್ಲ. ಮೂರನೆಯವರೊಬ್ಬರಿದ್ದಾರೆ. ಅವರ ಹೆಸರು ಚಾದಂಗಡಿ ಜಗಳದಲ್ಲಿ ಬರೋದೇ ಇಲ್ಲ. ಯಾಕಂದರೆ ಅವರು ಮೈದಾನದಲ್ಲೂ ಇರಲ್ಲ, ಗೆರೆ ಪಕ್ಕ ನಿಂತು ಕೂಗೋದೂ ಇಲ್ಲ. ಆಡಳಿತ ಮಂಡಳಿ!

2019-20ರ ಬೆಂಗಳೂರು ತಂಡ ನೆನಪಿದೆಯಾ? ಕೋಚ್ ಕಾರ್ಲೆಸ್ ಕ್ವಾಡ್ರಾಟ್. ಲೀಗಿನ 18 ಪಂದ್ಯಗಳಲ್ಲಿ ಬಿಟ್ಟುಕೊಟ್ಟಿದ್ದು ಬರೀ 13 ಗೋಲು. ಹಿಂದೆ ರಾಹುಲ್ ಭೇಕೆ, ಹುವಾನನ್, ಆಲ್ಬರ್ಟ್ ಸೆರ್ರಾನ್, ನಿಶು ಕುಮಾರ್. ಇದೇ ಭೇಕೆ ಅದರ ಹಿಂದಿನ ವರ್ಷ, 2019ರ ಮಾರ್ಚ್ 17ರ ಫೈನಲ್‌ನಲ್ಲಿ, 117ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದು ಗೋವಾವನ್ನ ಸೋಲಿಸಿ ನಮಗೆ ಐಎಸ್‌ಎಲ್ ಕಪ್ ತಂದವರು.

ಆಮೇಲೇನಾಯ್ತು? 2020ರಲ್ಲಿ ನಿಶು ಕುಮಾರ್ ಕೇರಳಕ್ಕೆ ಹೋದರು, ಸೆರ್ರಾನ್ ಕೂಡ ಬಿಟ್ಟರು. 2021ರಲ್ಲಿ ಭೇಕೆ ಮುಂಬೈಗೆ, ಹುವಾನನ್ ಹೈದರಾಬಾದಿಗೆ. ಎರಡೇ ವರ್ಷದಲ್ಲಿ ಇಡೀ ಸರಪಳಿ ಬಿಚ್ಚಿಹೋಯ್ತು. ಹೈದರಾಬಾದ್ 2022ರಲ್ಲಿ ಕಪ್ ಗೆದ್ದಾಗ ಹುವಾನನ್ ಆ ತಂಡದಲ್ಲಿದ್ದರು!

2023ರಲ್ಲಿ ಮತ್ತೆ ಅದೇ ಕಥೆ. ಗ್ರೇಸನ್ ಅವರ ಮೊದಲ ಸೀಸನ್ ಏನು ಕೆಟ್ಟದಾಗಿತ್ತಾ? ಡ್ಯುರಾಂಡ್ ಕಪ್ ಗೆದ್ದರು. ಲೀಗಿನ ಕೊನೆಗೆ ಸತತ 8 ಪಂದ್ಯ ಗೆದ್ದರು. ಐಎಸ್‌ಎಲ್ ಫೈನಲ್ ಪೆನಾಲ್ಟಿಯಲ್ಲಿ ಕೈತಪ್ಪಿತು, ಸೂಪರ್ ಕಪ್ ಫೈನಲ್ಲೂ ಆಡಿದರು. ಆ ತಂಡ ಹಿಂದೆ ಮೂವರನ್ನ ನಿಲ್ಲಿಸಿ, ಎರಡೂ ಬದಿಗೆ ಮೇಲೆ ಕೆಳಗೆ ಓಡೋರನ್ನ ಇಟ್ಟುಕೊಂಡು ಆಡ್ತಿತ್ತು. ಸೀಸನ್ ಮುಗಿದ ಮೇಲೆ ಆ ಹಿಂದಿನ ಸಾಲಿನ ಸಂದೇಶ್ ಝಿಂಗನ್ ಗೋವಾಕ್ಕೆ ಹೋದರು. ಬಲಬದಿಯಲ್ಲಿ ಓಡ್ತಿದ್ದ ಪ್ರಬೀರ್ ದಾಸ್ ಕೇರಳಕ್ಕೆ. ಮುಂದೆ ನಿಂತು ಎದುರಾಳಿ ಡಿಫೆಂಡರ್‌ಗಳಿಗೆ ಉಸಿರು ಬಿಡೋಕೆ ಬಿಡದ ರಾಯ್ ಕೃಷ್ಣ ಒಡಿಶಾಕ್ಕೆ. ಹೊಸಬರು ಬಂದರು, ನಿಜ. ಆದರೆ ಒಬ್ಬರಿಗೊಬ್ಬರ ಹೆಜ್ಜೆ ಗೊತ್ತಾಗೋಕೆ ಟೈಮ್ ಬೇಕಲ್ಲ? ನವೆಂಬರ್ ಕೊನೆಗೆ ಲೀಗಿಗೆ ಹೊಸದಾಗಿ ಬಂದ ಪಂಜಾಬ್ ಎದುರು 3-3. ಒಂದು ವಾರ ಕಳೆದು ಮುಂಬೈ ಎದುರು 0-4. ಆಮೇಲೆ ನಿಮಗೇ ಗೊತ್ತು.

ಯಾರನ್ನ ಬಿಡಬೇಕು, ಯಾರನ್ನ ಉಳಿಸ್ಕೋಬೇಕು ಅನ್ನೋದರಲ್ಲಿ ಕೋಚ್ ಮಾತೂ ಇರುತ್ತೆ. ಆದರೆ ದುಡ್ಡಿನ ಚೀಲದ ಬಾಯಿ ಕಟ್ಟೋದು ಬಿಚ್ಚೋದು ಬೇರೆಯವರ ಕೈಯಲ್ಲಿರುತ್ತೆ. ಸೋತಾಗ ಮಾತ್ರ ಒಬ್ಬನೇ ಹೋಗ್ತಾನೆ.

ಇಂಥದನ್ನ ನಾನು ನಮ್ಮ ತಾಲೂಕಿನಲ್ಲೇ ಹತ್ತಿರದಿಂದ ನೋಡಿದ್ದೇನೆ. ಒಂದು ಹಳ್ಳಿಯ ಹೈಸ್ಕೂಲಿನ ಕಬಡ್ಡಿ ತಂಡ, ಹೆಸರು ಬೇಡ. ಒಂದು ವರ್ಷ ಚೆನ್ನಾಗಿ ಆಡಿದರು. ಎರಡೂ ಕಾರ್ನರ್‌ನಲ್ಲಿ ಆಡೋ ಹುಡುಗರು ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಿ ಊರು ಬಿಟ್ಟರು. ಸಂತೋಷದ ಸುದ್ದಿಯೇ. ಊರಲ್ಲಿ ಸನ್ಮಾನ ಆಯ್ತು, ಫೋಟೋದಲ್ಲಿ ದೊಡ್ಡವರೆಲ್ಲ ನಿಂತರು. ಮುಂದಿನ ವರ್ಷ ಎಂಟನೇ ಕ್ಲಾಸಿನ ಸಣ್ಣ ಹುಡುಗರನ್ನ ಕಾರ್ನರ್‌ಗೆ ನಿಲ್ಲಿಸಿ ಮೊದಲ ಸುತ್ತಿನಲ್ಲೇ ಸೋತು ಬಂದಾಗ, ಅದೇ ದೊಡ್ಡವರು ಪಿಟಿ ಸರ್‌ನ ನಿಲ್ಲಿಸಿ "ಏನ್ ಕಲಿಸೀರಿ ಸರ್ ಹುಡುಗೂರಿಗೆ?" ಅಂತ ಕೇಳಿದರು. ಸರ್ ಒಂದು ಮಾತೂ ಆಡಲಿಲ್ಲ. ಒಂದು ಮ್ಯಾಟು ಕೇಳಿ ಎರಡು ವರ್ಷ ಆಗಿತ್ತು, ಅದನ್ನೂ ಹೇಳಲಿಲ್ಲ. ಆಮೇಲೆ ಅವರು ಸಂಜೆ ಹೊತ್ತು ಹುಡುಗರನ್ನ ಆಡಿಸೋದನ್ನೇ ಬಿಟ್ಟುಬಿಟ್ಟರು. ನಷ್ಟ ಯಾರಿಗಾಯ್ತು? ಸರ್‌ಗಂತೂ ಅಲ್ಲ, ಅವರ ಸಂಬಳ ಅವರಿಗೆ ಬರುತ್ತೆ. ಆ ಎಂಟನೇ ಕ್ಲಾಸಿನ ಹುಡುಗರಿಗೆ.

ತಪ್ಪು ಲೆಕ್ಕದ ಬೆಲೆ ಇದು. ಹೊಣೆಯನ್ನ ಒಬ್ಬನ ತಲೆಗೆ ಕಟ್ಟಿ ಕೈ ತೊಳ್ಕೊಂಡರೆ ಸೋರೋ ಜಾಗ ಹಾಗೇ ಉಳಿಯುತ್ತೆ.

ನೀವು ಕೇಳಬಹುದು, "ಇಪ್ಪತ್ತೈದು ಆಟಗಾರರನ್ನ ತೆಗೆಯೋಕೆ ಆಗಲ್ಲ, ಒಬ್ಬ ಕೋಚ್‌ನ ತೆಗೀಬಹುದು. ಕ್ಲಬ್ ಬೇರೆ ಏನು ಮಾಡಬೇಕು?" ಅಂತ. ಒಪ್ಪುವ ಮಾತೇ. ಒಂಬತ್ತರಲ್ಲಿ ಒಂದು ಗೆದ್ದ ಕೋಚ್‌ನ ತೆಗೆದದ್ದು ತಪ್ಪು ಅಂತ ನಾನು ಹೇಳಲ್ಲ. ಆದರೆ ತೆಗೆಯೋದು ಬೇರೆ, ಜವಾಬ್ದಾರಿ ಕೇಳೋದು ಬೇರೆ. ತೆಗೆದ ತಕ್ಷಣ ಕೇಳೋದನ್ನ ನಿಲ್ಲಿಸ್ತೀವಿ ನೋಡಿ, ಅಲ್ಲಿದೆ ತೊಂದರೆ.

ಬೆಂಗಳೂರಿನ ಇತಿಹಾಸವನ್ನೇ ನೋಡಿ. 2013ರಲ್ಲಿ ಕ್ಲಬ್ ಶುರುವಾದಾಗಿನಿಂದ 2021ರ ಜನವರಿವರೆಗೆ ಮೂರೇ ಕೋಚ್. ಆಶ್ಲಿ ವೆಸ್ಟ್‌ವುಡ್, ಆಲ್ಬರ್ಟ್ ರೋಕಾ, ಕ್ವಾಡ್ರಾಟ್. ಆ ಅವಧಿಯಲ್ಲಿ ಎರಡು ಐ-ಲೀಗ್, ಫೆಡರೇಶನ್ ಕಪ್, ಸೂಪರ್ ಕಪ್, ಐಎಸ್‌ಎಲ್, ಜೊತೆಗೆ 2016ರ ಎಎಫ್‌ಸಿ ಕಪ್ ಫೈನಲ್. ಸತತ ಮೂರು ಸೋಲಿನ ನಂತರ 2021ರ ಜನವರಿ 6ರಂದು ಕ್ವಾಡ್ರಾಟ್ ಹೋದರು. ತಂಡ ಸರಿಹೋಯ್ತಾ? ಮುಂದಿನ ಪಂದ್ಯವನ್ನೂ ಸೋತಿತು, ಸೀಸನ್ ಮುಗಿದಾಗ 7ನೇ ಸ್ಥಾನ. ಅಲ್ಲಿಂದ 2023ರ ಡಿಸೆಂಬರ್‌ವರೆಗಿನ ಮೂರು ವರ್ಷದಲ್ಲಿ ಹಂಗಾಮಿಯಾಗಿ ನೌಶಾದ್ ಮೂಸಾ, ಮಾರ್ಕೊ ಪೆಝೈಯೊಲಿ, ಗ್ರೇಸನ್, ಝರಗೋಝಾ. ನಾಲ್ಕು ಜನ! ಕೈಗೆ ಬಂದಿದ್ದು ಒಂದು ಡ್ಯುರಾಂಡ್ ಕಪ್. ಕೋಚ್ ಬದಲಾಗೋ ವೇಗದಲ್ಲಿ ಡಿಫೆನ್ಸ್ ಗಟ್ಟಿಯಾಗೋದಾಗಿದ್ದರೆ ಅದು ಇಷ್ಟರಲ್ಲಿ ಕಲ್ಲಿನ ಕೋಟೆ ಆಗಬೇಕಿತ್ತು.

ಇನ್ನು ಝರಗೋಝಾ ಕಥೆ. 2023-24 ಮುಗಿದಾಗ 12 ತಂಡಗಳಲ್ಲಿ 10ನೇ ಸ್ಥಾನ. ಆದರೂ ಉಳಿಸಿಕೊಂಡರು. ಬೇಸಿಗೆಯಲ್ಲಿ ಯಾರನ್ನ ವಾಪಸ್ ಕರೆಸಿದರು ಗೊತ್ತಾ? ರಾಹುಲ್ ಭೇಕೆಯನ್ನ! ಹೈದರಾಬಾದಿನಿಂದ ಜನವರಿಯಲ್ಲೇ ಬಂದಿದ್ದ ಚಿಂಗ್ಲೆನ್ಸನಾ ಸಿಂಗ್ ಜೊತೆಗಿದ್ದರು. ಕೋಚ್‌ಗೆ ಸೀಸನ್ ಶುರುವಾಗೋ ಮುಂಚೆ ತಯಾರಿಗೆ ಟೈಮ್ ಸಿಕ್ತು. ಫಲಿತಾಂಶ, ಐದು ಪಂದ್ಯ, ಸೊನ್ನೆ ಗೋಲು. ಅದರಲ್ಲಿ ಮೋಹನ್ ಬಾಗಾನ್‌ಗೆ 3-0 ತಿರುಗೇಟೂ ಸೇರಿತ್ತು. ಸೀಸನ್ ಕೊನೆಗೆ ಫೈನಲ್‌ವರೆಗೂ ಹೋಗಿ 2025ರ ಏಪ್ರಿಲ್ 12ರಂದು ಹೆಚ್ಚುವರಿ ಸಮಯದಲ್ಲಿ ಅದೇ ಮೋಹನ್ ಬಾಗಾನ್‌ಗೆ 1-2ರಿಂದ ಸೋತರು.

ಹಾಗಂತ ಇದನ್ನ ತಾಳ್ಮೆಗೆ ಸಿಕ್ಕ ಜಯ ಅಂತ ಕೊಂಡಾಡೋಕೂ ನಾನು ತಯಾರಿಲ್ಲ. ಆರನೇ ಪಂದ್ಯದಲ್ಲಿ ಮೊದಲ ಗೋಲು ಬಿತ್ತು, ಏಳನೆಯದರಲ್ಲಿ ಗೋವಾ ಮೂರು ಹೊಡೀತು. ಅದೇ ಕೋಚ್, ಹೆಚ್ಚುಕಮ್ಮಿ ಅದೇ ಡಿಫೆಂಡರ್‌ಗಳು. ಆಟ ಅಂದರೆ ಆಟ. ಆದರೆ ಒಂದು ಮಾತ್ರ ಸ್ಪಷ್ಟ. ಕೋಚ್‌ಗೆ ಬೇಕಾದ ಜನ, ಬೇಕಾದ ಸಮಯ ಎರಡೂ ಕೊಟ್ಟ ಮೇಲೆ ಬೀಳೋ ಗೋಲಿಗೆ ಅವನನ್ನ ನಿಲ್ಲಿಸಿ ಕೇಳೋ ಹಕ್ಕು ನಮಗಿರುತ್ತೆ. ಎರಡೂ ಕೊಡದೆ ಕೇಳಿದರೆ ಅದು ಬರೀ ಸಿಟ್ಟು.

ಹಾಗಾಗಿ ಇನ್ಮುಂದೆ ತಂಡ ಸೋತಾಗ ಚಾದಂಗಡಿಯಲ್ಲಿ ನಾನು ಕೇಳೋ ಪ್ರಶ್ನೆ ನಾಲ್ಕು. ಈ ಗೋಲು ಒಬ್ಬನ ಕ್ಷಣದ ತಪ್ಪಾ, ಇಲ್ಲ ಹಿಂದೆಯೂ ಹೀಗೇ ಬಿದ್ದಿತ್ತಾ? ಬಿದ್ದಿದ್ದರೆ ಅದನ್ನ ತಿದ್ದೋಕೆ ಕೋಚ್ ಏನಾದರೂ ಬದಲಾಯಿಸಿದನಾ? ಹಿಂದೆ ನಿಂತ ನಾಲ್ವರು ಒಟ್ಟಿಗೆ ಎಷ್ಟು ದಿನದಿಂದ ಆಡ್ತಿದ್ದಾರೆ? ಹೋದ ವರ್ಷ ಇದ್ದವನು ಈ ವರ್ಷ ಎಲ್ಲಿದ್ದಾನೆ, ಅವನನ್ನ ಬಿಟ್ಟವರು ಯಾರು? ಮೊದಲನೆಯದು ಆಟಗಾರನಿಗೆ, ಮಧ್ಯದ ಎರಡು ಕೋಚ್‌ಗೆ, ಕೊನೆಯದು ಮಂಡಳಿಗೆ. ನಾಲ್ಕಕ್ಕೂ ಉತ್ತರ ಬಂದ ಮೇಲೆ ಯಾರನ್ನ ಬೇಕಾದರೂ ಬೈಯೋಣ, ನಾನೂ ಸೇರ್ಕೋತೀನಿ.

ನನ್ನ ಮಟ್ಟಿಗೆ ಹೇಳೋದಾದರೆ, ಆ ಡಿಸೆಂಬರಿನ ನಾಲ್ಕು ಗೋಲಿನಲ್ಲಿ ಎರಡು ಗ್ರೇಸನ್ ಖಾತೆಗೆ, ಒಂದು ಆಟಗಾರರ ಖಾತೆಗೆ, ಒಂದು ಝಿಂಗನ್‌ನಂಥವರು ಕೈಬಿಟ್ಟುಹೋದ ಆ ಬೇಸಿಗೆಯ ಖಾತೆಗೆ. ನಿಮ್ಮ ಲೆಕ್ಕ ಬೇರೆ ಇರಬಹುದು. ಇದ್ದರೆ ಕೆಳಗೆ ಬರೀರಿ, ಜಗಳ ಆಡೋಣ. ಕೇರಳದ ಗೆಳೆಯರಿಗೂ ಸ್ವಾಗತ, ಆ ಫ್ರೀಕಿಕ್ ವಿಷಯ ಒಂದು ಬಿಟ್ಟು :-)